ಆರ್ಕ್‌ಟಿಕ್‌ನ ದೂರದ ಊರುಗಳಲ್ಲಿ ಬಿಸಿಲನ್ನು ಅಳೆಯುವುದು ಹೇಗೆ? ಉಪಗ್ರಹದ ಅಂಕಿ ಸಾಕೇ, ನೆಲದ ಮೇಲೆ ಉಪಕರಣ ಬೇಕೇ?

ಪ್ರಶ್ನೆ: ಭೌತಶಾಸ್ತ್ರ ಉಪನ್ಯಾಸಕಿ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳ ಒಂದು ತಂಡ ಈ ವರ್ಷದ ಪ್ರಾಜೆಕ್ಟಿಗೆ ಆರ್ಕ್‌ಟಿಕ್ ವೃತ್ತದ ಉತ್ತರಕ್ಕಿರುವ, ರಸ್ತೆಯ ಸಂಪರ್ಕವಿಲ್ಲದ, ಡೀಸೆಲ್ ಜನರೇಟರಿನಿಂದಲೇ ವಿದ್ಯುತ್ ಪಡೆಯುವ ಸಣ್ಣ ಊರುಗಳನ್ನು ವಿಷಯವಾಗಿ ಆರಿಸಿಕೊಂಡಿದೆ. ಅಂಥ ಊರಿನಲ್ಲಿ ಸೌರ ವಿದ್ಯುತ್ ಘಟಕ ಕಟ್ಟುವ ಮೊದಲು ಅಲ್ಲಿಗೆ ಬೀಳುವ ಬಿಸಿಲನ್ನು ನಂಬಿಕೆಗೆ ಅರ್ಹವಾಗಿ ಅಳೆಯಲು ಏನೇನು ಬೇಕು ಎಂಬುದರ ಒಂದು ವಿನ್ಯಾಸವನ್ನು ಅವರು ಸಿದ್ಧಪಡಿಸಬೇಕಾಗಿದೆ.

ಅವರ ಆಸಕ್ತಿ ಹುಟ್ಟಿದ್ದು ಕೆನಡಾದ ಯೂಕಾನ್ ಪ್ರದೇಶದ ಓಲ್ಡ್ ಕ್ರೋ ಎಂಬ ಊರಿನ ಬಗ್ಗೆ ಓದಿದಾಗ. ವುಂಟುಟ್ ಗ್ವಿಚಿನ್ ಸಮುದಾಯದ ಆ ಊರಿಗೆ ವಿಮಾನದಲ್ಲಿಯೇ ಹೋಗಬೇಕು. ಅಲ್ಲಿ 2,160 ಫಲಕಗಳ, 940 ಕಿಲೊವ್ಯಾಟ್ ಸಾಮರ್ಥ್ಯದ ಸೌರ ಘಟಕವೊಂದು 2021ರಲ್ಲಿ ಕೆಲಸ ಆರಂಭಿಸಿತು. ವರ್ಷಕ್ಕೆ ಸುಮಾರು 1,89,000 ಲೀಟರ್ ಡೀಸೆಲ್ ಉಳಿಯುತ್ತದೆಂಬುದು ಅದರ ಅಂದಾಜು. ರಷ್ಯದ ಯಾಕೂಟಿಯಾ ಪ್ರಾಂತದ ಬಟಗಾಯ್ ಊರಿನಲ್ಲಿಯೂ 2015ರಿಂದ ಒಂದು ಮೆಗಾವ್ಯಾಟ್ ಘಟಕವಿದೆ. ಆದ್ದರಿಂದ ಅಷ್ಟು ಉತ್ತರದಲ್ಲಿ ಸೌರ ವಿದ್ಯುತ್ ಸಾಧ್ಯವೇ ಎಂಬ ಪ್ರಶ್ನೆ ನಮ್ಮದಲ್ಲ. ಹೊಸ ಊರೊಂದರಲ್ಲಿ ಎಷ್ಟು ಸಾಧ್ಯ ಎಂದು ಮೊದಲೇ ತಿಳಿಯುವ ದಾರಿ ಯಾವುದು ಎಂಬುದು ಪ್ರಶ್ನೆ.

ಲೆಕ್ಕ ಮಾಡುತ್ತ ಹೋದಾಗ ವಿದ್ಯಾರ್ಥಿಗಳಿಗೆ ಒಂದು ಸಂಗತಿ ಬಹಳ ಆಶ್ಚರ್ಯ ತಂದಿತು. ಡಿಸೆಂಬರ್ ತಿಂಗಳ ಅತ್ಯಂತ ಚಿಕ್ಕ ದಿನದಲ್ಲಿಯೂ ಹಾಸನದ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಲಾಸ್ಕಾದ ಉತ್ತರ ತುದಿಯ ಉತ್ಕಿಯಾಗ್ವಿಕ್‌ನಲ್ಲಿ ಜೂನ್ ತಿಂಗಳ ಅತ್ಯಂತ ದೀರ್ಘ ಹಗಲಿನಲ್ಲಿಯೂ ಅವನು ಸುಮಾರು 42 ಡಿಗ್ರಿಗಿಂತ ಮೇಲೇರುವುದಿಲ್ಲ. ಹೀಗಿರುವಾಗ ನಮ್ಮ ಪ್ರಯೋಗಾಲಯದಲ್ಲಿರುವ ಸಣ್ಣ ಸಿಲಿಕಾನ್ ಸಂವೇದಕದಂಥದ್ದು ಅಲ್ಲಿ ಕೆಲಸಕ್ಕೆ ಬರುತ್ತದೆಯೇ, ಅಥವಾ ಬಿಸಿಲಿನ ಕಾವಿನಿಂದ ಅದರ ತೀವ್ರತೆಯನ್ನು ಅಳೆಯುವ ಥರ್ಮೋಪೈಲ್ ಪೈರನೋಮೀಟರೇ ಬೇಕೇ? ಉಪಗ್ರಹದ ಅಂಕಿಅಂಶಗಳು ಉಚಿತವಾಗಿ ಸಿಗುತ್ತಿರುವಾಗ ನೆಲದ ಮಾಪನಕ್ಕೆ ಹಣ ಹಾಕುವುದು ಅಗತ್ಯವೇ? ಉಪಕರಣದ ಗಾಜಿನ ಗುಮ್ಮಟದ ಮೇಲೆ ಕಟ್ಟುವ ಹಿಮಕ್ಕೆ ಏನು ಮಾಡುತ್ತಾರೆ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಉಪಗ್ರಹ ದತ್ತಾಂಶ ವಿಶ್ಲೇಷಕ, ಹಾಸನ

ನಮಸ್ಕಾರ ಮೇಡಂ. ತಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಉಪಕರಣಗಳ ವಿಚಾರವನ್ನು ಬಲ್ಲವರು ಇಲ್ಲಿ ಬೇರೆಯವರಿದ್ದಾರೆ.

ನಮ್ಮ ಊರಿನ ಮುಖ್ಯ ನಿಯಂತ್ರಣ ಕೇಂದ್ರದಿಂದ ನಿರ್ವಹಿಸಲಾಗುವ ಇನ್ಸಾಟ್-3ಡಿಆರ್, ಇನ್ಸಾಟ್-3ಡಿಎಸ್‌ನಂಥ ಹವಾಮಾನ ಉಪಗ್ರಹಗಳು ಭೂಸ್ಥಿರ ಕಕ್ಷೆಯಲ್ಲಿ, ಸಮಭಾಜಕ ವೃತ್ತದ ನೇರ ಮೇಲೆ, ಸುಮಾರು 35,786 ಕಿ.ಮೀ. ಎತ್ತರದಲ್ಲಿವೆ. ಹಗಲಿಡೀ ಅರ್ಧ ಗಂಟೆಗೊಮ್ಮೆ ಒಂದೇ ಪ್ರದೇಶದ ಮೋಡಗಳನ್ನು ನೋಡುತ್ತಿರುವುದರಿಂದ, ಆ ಚಿತ್ರಗಳಿಂದ ನೆಲಕ್ಕೆ ತಲುಪುವ ಬಿಸಿಲನ್ನು ಅಂದಾಜಿಸುವುದು ನಮ್ಮ ಅಕ್ಷಾಂಶದಲ್ಲಿ ಸಾಕಷ್ಟು ವಿಶ್ವಾಸಾರ್ಹ. ಆದರೆ ಅದೇ ಉಪಗ್ರಹದಿಂದ ಉತ್ತರಕ್ಕೆ ನೋಡಿದರೆ ಭೂಮಿಯ ಬಾಗು ಅಡ್ಡ ಬರುತ್ತದೆ. ಜ್ಯಾಮಿತಿಯ ಲೆಕ್ಕದಲ್ಲಿ 81 ಡಿಗ್ರಿ ಅಕ್ಷಾಂಶದವರೆಗೆ ಕಾಣಬೇಕಾದರೂ 60ರಿಂದ 65 ಡಿಗ್ರಿ ದಾಟಿದ ಮೇಲೆ ನೋಟ ಎಷ್ಟು ಓರೆಯಾಗುತ್ತದೆಂದರೆ ಮೋಡದ ಮೇಲ್ಭಾಗದ ಬದಲು ಅದರ ಪಕ್ಕವೇ ಕಾಣಿಸುತ್ತದೆ, ಮತ್ತು ಮೋಡ ಎಲ್ಲಿದೆಯೆಂದು ಗುರುತಿಸುವ ಸ್ಥಾನವೇ ತಪ್ಪುತ್ತದೆ. ಈ ಕಾರಣದಿಂದ ಭೂಸ್ಥಿರ ಉಪಗ್ರಹಗಳನ್ನು ಆಧರಿಸಿದ ಸೌರ ನಕ್ಷೆಗಳು ಬಹುಪಾಲು ಆ ಅಕ್ಷಾಂಶದ ಹತ್ತಿರವೇ ನಿಂತುಬಿಡುತ್ತವೆ. ಓಲ್ಡ್ ಕ್ರೋ ಇರುವುದು 67 ಡಿಗ್ರಿಗಿಂತ ಮೇಲೆ.

ಧ್ರುವಗಳ ಮೇಲೆ ಹಾದುಹೋಗುವ ಟೆರಾ, ಅಕ್ವಾದಂಥ ಉಪಗ್ರಹಗಳು ಈ ಕೊರತೆಯನ್ನು ಒಂದು ಮಟ್ಟಿಗೆ ತುಂಬುತ್ತವೆ. ಕಕ್ಷೆಗಳೆಲ್ಲ ಧ್ರುವದ ಬಳಿ ಒಂದುಗೂಡುವುದರಿಂದ ಅಲ್ಲಿನ ಒಂದು ಊರನ್ನು ಅವು ದಿನಕ್ಕೆ ಹಲವು ಬಾರಿ ನೋಡುತ್ತವೆ. ಕಷ್ಟ ಬೇರೆ ಕಡೆ ಇದೆ. ಗೋಚರ ಬೆಳಕಿನಲ್ಲಿ ನೆಲದ ಹಿಮವೂ ಬಿಳಿ, ಮೋಡವೂ ಬಿಳಿ. ಉಷ್ಣ ವಿಕಿರಣದಲ್ಲಿ ನೋಡೋಣವೆಂದರೆ, ನಮ್ಮಲ್ಲಿ ಮೋಡ ನೆಲಕ್ಕಿಂತ ತಣ್ಣಗಿರುವುದು ನಿಯಮವಾದರೆ ಅಲ್ಲಿ ಚಳಿಗಾಲದಲ್ಲಿ ನೆಲವೇ ಮೋಡಕ್ಕಿಂತ ತಣ್ಣಗಿರುವುದು ಸಾಮಾನ್ಯ. 1.6 ಮೈಕ್ರೋಮೀಟರ್ ಸುತ್ತಲಿನ ಅವಗೆಂಪು ಪಟ್ಟಿಯಲ್ಲಿ ಹಿಮ ಕಪ್ಪಾಗಿಯೂ ನೀರಹನಿಗಳ ಮೋಡ ಬೆಳ್ಳಗಾಗಿಯೂ ಕಾಣುವುದರಿಂದ ಎರಡನ್ನೂ ಬೇರ್ಪಡಿಸಬಹುದು. ಆದರೆ ತೆಳುವಾದ ಮೋಡ, ಇಳಿಬಿಸಿಲು, ಉದ್ದ ನೆರಳು ಇವೆಲ್ಲ ಸೇರಿದಾಗ ಆ ವಿಧಾನವೂ ತಡವರಿಸುತ್ತದೆ.

ಉಳಿದದ್ದು ಯುರೋಪಿನ ಇಆರ್‌ಎ5, ನಾಸಾದ ಮೆರ್ರಾ-2ರಂಥ ಮರುವಿಶ್ಲೇಷಣೆಗಳು. ಇವು ವಾಸ್ತವ ವೀಕ್ಷಣೆಗಳನ್ನು ಹವಾಮಾನ ಮಾದರಿಯೊಳಗೆ ಸೇರಿಸಿ ದಶಕಗಳಷ್ಟು ಹಿಂದಿನಿಂದ ಗಂಟೆಗಂಟೆಯ ಅಂಕಿ ಕೊಡುತ್ತವೆ. ಆದರೆ ಇಆರ್‌ಎ5ರ ಒಂದು ಚೌಕದ ಬದಿ ಸುಮಾರು 30 ಕಿ.ಮೀ.; ಕಡಲ ಕೊರಕಲು, ಹಿಮನದಿ, ಬೆಟ್ಟ, ಊರು ಎಲ್ಲವೂ ಆ ಒಂದೇ ಚೌಕದೊಳಗೆ ಸರಾಸರಿಯಾಗಿ ಕರಗಿಹೋಗುತ್ತವೆ. ಶೂನ್ಯಕ್ಕಿಂತ ಕೆಳಗಿನ ಉಷ್ಣತೆಯಲ್ಲಿಯೂ ಹೆಪ್ಪುಗಟ್ಟದೆ ಉಳಿಯುವ ನೀರಹನಿಗಳ ಮೋಡಗಳನ್ನು ಮಾದರಿಗಳು ಸರಿಯಾಗಿ ಹಿಡಿಯಲಾರವು, ಆರ್ಕ್‌ಟಿಕ್‌ನ ಬೇಸಿಗೆಯ ಬಿಸಿಲನ್ನು ನಿರ್ಧರಿಸುವುದು ಹೆಚ್ಚಾಗಿ ಆ ಮೋಡಗಳೇ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಮರುವಿಶ್ಲೇಷಣೆಯ ದೀರ್ಘಕಾಲದ ಅಂಕಿಯನ್ನು ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ತಿಳಿಯಲು ಬಳಸಿ. ಆದರೆ ಕನಿಷ್ಠ ಒಂದು ಪೂರ್ತಿ ವರ್ಷದ ನೆಲದ ಮಾಪನದೊಂದಿಗೆ ಅದನ್ನು ಹೋಲಿಸಿ, ವ್ಯತ್ಯಾಸವನ್ನು ತಿಂಗಳುವಾರು ತಿದ್ದಿದ ಮೇಲೆಯೇ ಬಳಸಿ. ವಿದ್ಯಾರ್ಥಿಗಳು ಅಭ್ಯಾಸಕ್ಕೆಂದು ನೋಡಬೇಕಾದ ಉತ್ತಮ ನೆಲದ ಅಂಕಿಗಳು 1992ರಲ್ಲಿ ಆರಂಭವಾದ ಬೇಸ್‌ಲೈನ್ ಸರ್ಫೇಸ್ ರೇಡಿಯೇಶನ್ ನೆಟ್‌ವರ್ಕ್‌ನಲ್ಲಿ ಸಿಗುತ್ತವೆ. ಉತ್ಕಿಯಾಗ್ವಿಕ್, ಕೆನಡಾದ ಅಲರ್ಟ್, ರಷ್ಯದ ಟಿಕ್ಸಿ, ಸ್ವಾಲ್‌ಬಾರ್ಡ್‌ನ ನಿ-ಓಲೆಸುಂಡ್ ಇವೆಲ್ಲ ಆ ಜಾಲದ ಉತ್ತರದ ತಾಣಗಳು. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವೂ 2008ರಿಂದ ಅದೇ ನಿ-ಓಲೆಸುಂಡ್‌ನಲ್ಲಿದೆ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಸಂಗತಿ.

ಉತ್ತರ: ನಿವೃತ್ತ ಹವಾಮಾನ ಉಪಕರಣ ತಂತ್ರಜ್ಞ, ಚಿಕ್ಕಮಗಳೂರು

ಮೇಡಂ, ತಮ್ಮ ವಿದ್ಯಾರ್ಥಿಗಳು ಉಪಕರಣದ ಬಗ್ಗೆ ಇಷ್ಟು ಮುಂಚಿತವಾಗಿ ಯೋಚಿಸುತ್ತಿರುವುದು ನನಗೆ ನಿಜಕ್ಕೂ ಸಂತೋಷ ತಂದಿದೆ. ನಮ್ಮ ದೇಶದಲ್ಲಿ ಅಂತಾರಾಷ್ಟ್ರೀಯ ಭೂಭೌತ ವರ್ಷವಾದ 1957-58ರಲ್ಲಿ ಸೌರ ವಿಕಿರಣ ಮಾಪನದ ಕೇಂದ್ರಗಳ ಜಾಲವನ್ನು ಕಟ್ಟಿದವರು ಅಣ್ಣಾ ಮಣಿಯವರು. ಅವರ ಕಾಲದಿಂದಲೂ ಈ ಕೆಲಸದಲ್ಲಿ ಉಪಕರಣದ ಬೆಲೆಗಿಂತ ಅದರ ಪಾಲನೆಗೇ ಹೆಚ್ಚು ತೂಕ. ಆರ್ಕ್‌ಟಿಕ್‌ನಲ್ಲಿ ಆ ತೂಕ ಇನ್ನೂ ಹೆಚ್ಚುತ್ತದೆ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಸಂವೇದಕ. ಥರ್ಮೋಪೈಲ್ ಪೈರನೋಮೀಟರಿನಲ್ಲಿ ಎರಡು ಗಾಜಿನ ಗುಮ್ಮಟಗಳ ಕೆಳಗೆ ಕಪ್ಪು ಬಳಿದ ಒಂದು ತಟ್ಟೆಯಿರುತ್ತದೆ. ಬಿಸಿಲಿಗೆ ಅದು ಕಾಯುತ್ತದೆ, ಆ ಉಷ್ಣದ ವ್ಯತ್ಯಾಸ ಕೆಲವು ಮಿಲಿವೋಲ್ಟ್ ಸಂಕೇತವಾಗಿ ಹೊರಬರುತ್ತದೆ. ಸುಮಾರು 0.3ರಿಂದ 2.8 ಮೈಕ್ರೋಮೀಟರ್‌ವರೆಗಿನ ಬೆಳಕನ್ನೆಲ್ಲ ಅದು ಬಹುತೇಕ ಸಮನಾಗಿ ಸ್ವೀಕರಿಸುತ್ತದೆ. ಸಿಲಿಕಾನ್ ಸಂವೇದಕಕ್ಕೆ ಕಾಣುವುದು 1.1 ಮೈಕ್ರೋಮೀಟರ್‌ವರೆಗೆ ಮಾತ್ರ, ಅದೂ ಎಲ್ಲ ಬಣ್ಣಗಳಿಗೂ ಒಂದೇ ಪ್ರಮಾಣದಲ್ಲಿ ಅಲ್ಲ. ಮಧ್ಯಾಹ್ನದ ಬಿಸಿಲಿಗೆ ಹೊಂದಿಸಿದ ಅದನ್ನು ನಮ್ಮಲ್ಲಿ ಧೈರ್ಯವಾಗಿ ಬಳಸಬಹುದು. ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ ಬೆಳಕು ನೆತ್ತಿಯ ಮೇಲಿನಿಂದ ಬರುವುದಕ್ಕಿಂತ ಐದೂವರೆ ಪಟ್ಟು ಹೆಚ್ಚು ಗಾಳಿಯನ್ನು ದಾಟಿ ಬರುತ್ತದೆ, ಬಣ್ಣ ಕೆಂಪಿಗೆ ತಿರುಗುತ್ತದೆ. ನಮಗದು ಬೆಳಿಗ್ಗೆ ಮುಕ್ಕಾಲು ಗಂಟೆಯ ಮಾತಾದರೆ, ಅಲ್ಲಿ ಮಾರ್ಚ್ ತಿಂಗಳಲ್ಲಿ ಹಗಲಿನ ಹಲವು ಗಂಟೆ ಅದೇ ಸ್ಥಿತಿ. ಇದರ ಮೇಲೆ ಹಿಮದಿಂದ ಹಾರಿಬಂದ ಬೆಳಕು ಬೇರೆ ಬಣ್ಣದ್ದು. ಹೀಗಾಗಿ ಮುಖ್ಯ ಮಾಪನಕ್ಕೆ ಥರ್ಮೋಪೈಲ್ ಉಪಕರಣವನ್ನೇ ಸೂಚಿಸುತ್ತೇನೆ.

ಅದರಲ್ಲಿಯೂ ದರ್ಜೆಯನ್ನು ನೋಡಬೇಕು. ಇಂಥ ಉಪಕರಣಗಳ ಅಂತಾರಾಷ್ಟ್ರೀಯ ಮಾನಕವಾದ ಐಎಸ್‌ಒ 9060ರ 2018ರ ಆವೃತ್ತಿಯ ಪ್ರಕಾರ, 1,000 ವ್ಯಾಟ್ ತೀವ್ರತೆಯ ನೇರ ಕಿರಣ ಯಾವ ದಿಕ್ಕಿನಿಂದ ಬಂದರೂ ಎ ದರ್ಜೆಯ ಪೈರನೋಮೀಟರಿನಲ್ಲಿ ದಿಕ್ಕಿನ ಕಾರಣದ ದೋಷ ಚದರ ಮೀಟರಿಗೆ 10 ವ್ಯಾಟ್ ಮೀರಬಾರದು. ಸಿ ದರ್ಜೆಯಲ್ಲಿ 30 ವ್ಯಾಟ್‌ವರೆಗೆ ಅವಕಾಶವಿದೆ. ಕೇಳಲು ಸಣ್ಣ ಸಂಖ್ಯೆ. ಆದರೆ 10 ಡಿಗ್ರಿ ಎತ್ತರದ ಸೂರ್ಯನಿಂದ ಅಷ್ಟೇ ತೀವ್ರತೆಯ ಕಿರಣ ಬಂದರೂ ಸಮತಲದ ಮೇಲೆ ಬೀಳುವುದು 174 ವ್ಯಾಟ್ ಮಾತ್ರ. ಅದರಲ್ಲಿ 30 ವ್ಯಾಟ್ ಎಂದರೆ ಶೇ. 17ರಷ್ಟು ದೋಷ. ಇಲ್ಲಿ ಹಣ ಉಳಿಸಲು ಹೋಗಬಾರದು.

ಮಟ್ಟದ ವಿಚಾರವನ್ನು ಬಹಳ ಜನ ಲಘುವಾಗಿ ಕಾಣುತ್ತಾರೆ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಉಪಕರಣದಲ್ಲೊಂದು ರಸಮಟ್ಟವಿರುತ್ತದೆ, ಗುಳ್ಳೆ ನಡುವೆ ನಿಲ್ಲುವಂತೆ ತಿರುಪುಗಳನ್ನು ಹೊಂದಿಸಿ ಬಿಡುತ್ತೇವೆ. ಒಂದು ಡಿಗ್ರಿ ಓರೆಯಾದರೆ ಹಾಸನದ ನಡುಮಧ್ಯಾಹ್ನ, ಸೂರ್ಯ 75 ಡಿಗ್ರಿ ಎತ್ತರದಲ್ಲಿದ್ದಾಗ, ನೇರ ಕಿರಣದ ಅಳತೆಯಲ್ಲಿ ಅರ್ಧ ಶೇಕಡಾದಷ್ಟೂ ವ್ಯತ್ಯಾಸವಾಗುವುದಿಲ್ಲ. ಅದೇ ಒಂದು ಡಿಗ್ರಿ ಓರೆ, ಸೂರ್ಯ 10 ಡಿಗ್ರಿಯಲ್ಲಿದ್ದಾಗ, ಹತ್ತಿರ ಹತ್ತಿರ ಶೇ. 10ರಷ್ಟು ತಪ್ಪು ತೋರಿಸುತ್ತದೆ. ಆರ್ಕ್‌ಟಿಕ್‌ನ ಬಹುತೇಕ ಊರುಗಳು ವರ್ಷವಿಡೀ ಹೆಪ್ಪುಗಟ್ಟಿರುವ ನೆಲದ ಮೇಲೆ ನಿಂತಿವೆ. ಬೇಸಿಗೆಯಲ್ಲಿ ಅದರ ಮೇಲ್ಪದರ ಕರಗುತ್ತದೆ, ಚಳಿಗಾಲದಲ್ಲಿ ಮತ್ತೆ ಉಬ್ಬುತ್ತದೆ. ಆಳವಿಲ್ಲದ ತಳಪಾಯದ ಕಂಬ ಒಂದೇ ವರ್ಷದಲ್ಲಿ ವಾಲಬಹುದು. ಸಾಧ್ಯವಾದರೆ ಆಳವಾದ ಕಂಬಗಳ ಮೇಲೆ ನಿಂತ ಕಟ್ಟಡದ ಚಾವಣಿಯನ್ನೇ ಆರಿಸಿ. ವಾಲಿದೆಯೇ ಎಂದು ಅಂಕಿಯಿಂದಲೇ ಪತ್ತೆಮಾಡುವ ಉಪಾಯವೂ ಇದೆ: ಮೋಡವಿಲ್ಲದ ದಿನ ನಡುಮಧ್ಯಾಹ್ನದ ಹಿಂದಿನ ಮತ್ತು ಮುಂದಿನ ಗಂಟೆಗಳ ಅಳತೆ ಒಂದರ ಪ್ರತಿಬಿಂಬದಂತೆ ಇನ್ನೊಂದಿರಬೇಕು. ಒಂದು ಬದಿ ಉಬ್ಬಿ ಇನ್ನೊಂದು ಬದಿ ತಗ್ಗಿದ್ದರೆ ಮಟ್ಟವನ್ನೋ ಗಡಿಯಾರವನ್ನೋ ಅನುಮಾನಿಸಬೇಕು.

ಜಾಗ ಆರಿಸುವಾಗ ಇನ್ನೊಂದು ಎಚ್ಚರ. ನಮ್ಮಲ್ಲಿ ಪೈರನೋಮೀಟರಿನ ಉತ್ತರಕ್ಕೆ ಒಂದು ಕಂಬ ಅಥವಾ ನೀರಿನ ಟ್ಯಾಂಕ್ ಇದ್ದರೆ ವರ್ಷದ ಬಹುಭಾಗ ಅಷ್ಟು ಬಾಧೆಯಿಲ್ಲ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗದೆ ಸುತ್ತಲೂ ತಿರುಗಿ ನಡುರಾತ್ರಿ ಉತ್ತರದಲ್ಲಿಯೇ ಇರುತ್ತಾನೆ. ಆದ್ದರಿಂದ ನಾಲ್ಕೂ ದಿಕ್ಕಿನ ದಿಗಂತ ತೆರೆದಿರಬೇಕು.

ಇನ್ನು ಹಿಮ. ಮೇಲಿಂದ ಬೀಳುವ ಹಿಮ ಗಾಳಿಗೆ ಹಾರಿಹೋಗುವುದುಂಟು. ಹೆಚ್ಚು ಕಾಡುವುದು ಗಾಳಿಯ ತೇವ ಗಾಜಿನ ಮೇಲೆ ನೇರವಾಗಿ ಹರಳುಗಟ್ಟುವುದು, ಅಥವಾ ಕಾವಳದ ಹನಿಗಳು ತಾಕಿದ ಕೂಡಲೇ ಗಟ್ಟಿಯಾಗುವುದು. ಅದು ಬಿಸಿಲನ್ನು ತಡೆದು ಕಡಿಮೆ ತೋರಿಸುತ್ತದೆಂದು ಎಲ್ಲರೂ ಊಹಿಸುತ್ತಾರೆ. ಕೆಲವೊಮ್ಮೆ ಗುಮ್ಮಟದ ಅಂಚಿನ ಹರಳುಗಳು ಇಳಿಬಿಸಿಲನ್ನು ಒಳಕ್ಕೆ ಚದುರಿಸಿ ಹೆಚ್ಚೂ ತೋರಿಸಬಹುದು. ಆದ್ದರಿಂದ ನಂತರ ಕುಳಿತು ತಿದ್ದುವುದು ಬಹಳ ಕಷ್ಟ. ಇದನ್ನು ಅಧ್ಯಯನ ಮಾಡಲೆಂದೇ ಉತ್ಕಿಯಾಗ್ವಿಕ್‌ನಲ್ಲಿ 2017ರ ಆಗಸ್ಟ್‌ನಿಂದ 2018ರ ಜುಲೈವರೆಗೆ ಡಿ-ಐಸ್ ಎಂಬ ಪ್ರಯೋಗ ನಡೆಯಿತು. ಬೇರೆ ಬೇರೆ ಬಗೆಯ ಗಾಳಿಯೂದುವ ಮತ್ತು ಬಿಸಿ ಮಾಡುವ ವ್ಯವಸ್ಥೆಗಳನ್ನು ಪಕ್ಕಪಕ್ಕ ಇಟ್ಟು, ಗುಮ್ಮಟಗಳ ಚಿತ್ರವನ್ನು ಕ್ಯಾಮೆರಾಗಳಿಂದ ಮತ್ತೆ ಮತ್ತೆ ತೆಗೆದು, ಅಳತೆಗಳೊಂದಿಗೆ ಹೋಲಿಸಿದರು. ವ್ಯವಸ್ಥೆ ದಕ್ಷವಾಗಿದ್ದರೆ ಹೊರಗಿನ ಗಾಳಿಯನ್ನೇ ಗುಮ್ಮಟದ ಮೇಲೆ ನಿರಂತರವಾಗಿ ಹಾಯಿಸಿದರೂ ಹರಳುಗಟ್ಟುವುದನ್ನು ತಡೆಯಬಹುದು ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಇದು ದೂರದ ಊರಿಗೆ ದೊಡ್ಡ ಅನುಕೂಲ, ಏಕೆಂದರೆ ಹೀಟರ್ ತಿನ್ನುವ ವಿದ್ಯುತ್ ಉಳಿಯುತ್ತದೆ, ಮತ್ತು ಹೀಟರಿನ ಕಾವು ಗುಮ್ಮಟಕ್ಕೂ ತಟ್ಟೆಗೂ ನಡುವೆ ಸುಳ್ಳು ಉಷ್ಣ ವ್ಯತ್ಯಾಸವನ್ನು ಹುಟ್ಟಿಸುವ ಭಯವೂ ಕಡಿಮೆಯಾಗುತ್ತದೆ.

ಧ್ರುವ ರಾತ್ರಿಯಲ್ಲಿ ಉಪಕರಣವನ್ನು ಮುಚ್ಚಿಡಬೇಡಿ. ಬಿಸಿಲೇ ಇಲ್ಲದ ಆ ವಾರಗಳಲ್ಲಿ ಅದು ತೋರಿಸುವ ಅಂಕಿ ಶೂನ್ಯವಾಗಿರಬೇಕು. ಗುಮ್ಮಟ ತೆರೆದ ಆಕಾಶಕ್ಕೆ ಶಾಖ ಕಳೆದುಕೊಂಡು ತಣ್ಣಗಾಗುವುದರಿಂದ ಕೆಲವು ವ್ಯಾಟ್ ಋಣಾತ್ಮಕವಾಗಿ ತೋರಿಸುತ್ತದೆ. ನಿಮ್ಮ ಉಪಕರಣದ ಶೂನ್ಯ ಎಷ್ಟು ಜಾರುತ್ತದೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಅವಕಾಶ ಬೇರಿಲ್ಲ.

ಪ್ರತಿಕ್ರಿಯೆ: ಭೌತಶಾಸ್ತ್ರ ಉಪನ್ಯಾಸಕಿ, ಹಾಸನ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ಡಿಗ್ರಿ ಓರೆಯ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಿದರು. ಸೂರ್ಯನ ಎತ್ತರ 5 ಡಿಗ್ರಿಗೆ ಇಳಿದಾಗ ದೋಷ ಶೇ. 20ರ ಹತ್ತಿರ ಹೋಗುತ್ತದೆಂದು ಕಂಡು ಅದಕ್ಕಾಗಿ ವರದಿಯಲ್ಲಿ ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಡಲು ನಿರ್ಧರಿಸಿದ್ದಾರೆ.

ಇನ್ನೆರಡು ಸಂದೇಹಗಳು ಉಳಿದಿವೆ. ಸಮತಲದ ಮೇಲೆ ಅಳೆದ ಬಿಸಿಲಿನಿಂದ ಓರೆಯಾಗಿ ಅಥವಾ ನೆಟ್ಟಗೆ ನಿಲ್ಲಿಸಿದ ಫಲಕಕ್ಕೆ ಬೀಳುವ ಬಿಸಿಲನ್ನು ಲೆಕ್ಕಹಾಕಲು ನೇರ ಕಿರಣವನ್ನೂ ಚದುರಿದ ಬೆಳಕನ್ನೂ ಬೇರೆ ಬೇರೆಯಾಗಿ ತಿಳಿದಿರಬೇಕಲ್ಲವೇ? ಹಾಗಾದರೆ ಸೂರ್ಯನನ್ನು ಹಿಂಬಾಲಿಸುವ ಟ್ರ್ಯಾಕರ್ ಮತ್ತು ನೇರ ಕಿರಣವನ್ನಷ್ಟೇ ಅಳೆಯುವ ಪೈರ್‌ಹೀಲಿಯೋಮೀಟರ್ ಕೂಡ ಬೇಕಾಗುತ್ತವೆಯೇ? ಎರಡನೆಯದಾಗಿ, ವಿದ್ಯಾರ್ಥಿಗಳು ಮುಳ್ಳಯ್ಯನಗಿರಿಯ ಸುತ್ತಮುತ್ತ ಎಲ್ಲಿಯಾದರೂ ಮಾದರಿ ವ್ಯವಸ್ಥೆಯನ್ನು ನಿಲ್ಲಿಸಿ ಪರೀಕ್ಷಿಸಬಯಸುತ್ತಾರೆ. ಅದರಿಂದ ಪ್ರಯೋಜನವಿದೆಯೇ?

ಉತ್ತರ: ಸಣ್ಣ ಗ್ರಿಡ್ ವಿನ್ಯಾಸಕ, ಮೂಡಿಗೆರೆ

ನಾನು ಇಲ್ಲಿನ ಕಾಡಂಚಿನ ಮನೆಗಳಿಗೂ ತೋಟಗಳಿಗೂ ಸೌರ ವ್ಯವಸ್ಥೆಗಳನ್ನು ವಿನ್ಯಾಸ ಮಾಡುತ್ತೇನೆ. ಡೀಸೆಲ್ ಜೊತೆಗೆ ಸೌರ ವಿದ್ಯುತ್ತನ್ನು ಹೊಂದಿಸುವ ಲೆಕ್ಕ ನನ್ನ ನಿತ್ಯದ ಕೆಲಸವಾದ್ದರಿಂದ ಆ ಕಡೆಯಿಂದ ಕೆಲವು ಮಾತು ಹೇಳುತ್ತೇನೆ. ಏನನ್ನು ಅಳೆಯಬೇಕೆಂಬುದನ್ನು ಕೊನೆಗೆ ನಿರ್ಧರಿಸುವುದು ಆ ಅಂಕಿ ಯಾರಿಗೆ, ಯಾವ ನಿರ್ಧಾರಕ್ಕೆ ಬೇಕು ಎಂಬುದು.

ವರ್ಷಕ್ಕೆ ಒಟ್ಟು ಎಷ್ಟು ಬಿಸಿಲು ಬೀಳುತ್ತದೆ ಎಂಬ ಒಂದೇ ಸಂಖ್ಯೆಯಿಂದ ಅಂಥ ಊರಿಗೆ ಬಹಳ ಕಡಿಮೆ ಉಪಯೋಗ. ಡಿಸೆಂಬರಿನಲ್ಲಿ ಸೂರ್ಯನೇ ಹುಟ್ಟುವುದಿಲ್ಲ, ಆಗ ಎಷ್ಟು ಫಲಕಗಳಿದ್ದರೂ ಡೀಸೆಲ್ ಬೇಕೇ ಬೇಕು. ನಿಜವಾದ ಲಾಭ ಇರುವುದು ಮಾರ್ಚ್‌ನಿಂದ ಮೇವರೆಗೆ. ಆಗ ಹಗಲು ವೇಗವಾಗಿ ಬೆಳೆಯುತ್ತದೆ, ಆಕಾಶ ಬೇಸಿಗೆಗಿಂತ ಹೆಚ್ಚು ತಿಳಿಯಾಗಿರುತ್ತದೆ, ನೆಲದ ತುಂಬ ಹಿಮವಿರುತ್ತದೆ, ಚಳಿಯಿಂದ ಫಲಕದ ದಕ್ಷತೆಯೂ ಏರುತ್ತದೆ. ಸಾಮಾನ್ಯ ಮಣ್ಣು ಬಿದ್ದ ಬೆಳಕಿನಲ್ಲಿ ಶೇ. 20ರಷ್ಟನ್ನು ಹಿಂದಕ್ಕೆ ಕಳಿಸಿದರೆ ಹೊಸ ಹಿಮ ಶೇ. 80ರಿಂದ 90ರಷ್ಟನ್ನು ಕಳಿಸುತ್ತದೆ. ನೆಟ್ಟಗೆ ನಿಲ್ಲಿಸಿದ, ಎರಡೂ ಮುಖದಿಂದ ಬೆಳಕು ಹೀರುವ ಫಲಕಗಳು ಅದನ್ನೆಲ್ಲ ಬಳಸಿಕೊಳ್ಳುತ್ತವೆ, ಅವುಗಳ ಮೇಲೆ ಹಿಮವೂ ನಿಲ್ಲುವುದಿಲ್ಲ. ಬರಿಯ ಸಮತಲದ ಪೈರನೋಮೀಟರ್ ಈ ಲಾಭವನ್ನು ಕಾಣುವುದೇ ಇಲ್ಲ. ಪುಸ್ತಕದ ಸೂತ್ರಗಳಿಂದ ಅದನ್ನು ಲೆಕ್ಕಹಾಕಬಹುದು, ಆದರೆ ಆ ಸೂತ್ರಗಳು ಹೆಚ್ಚಾಗಿ ಮಧ್ಯ ಅಕ್ಷಾಂಶಗಳ ಅಂಕಿಗಳಿಂದ ಕಟ್ಟಿದವು. ಹಿಮಕ್ಕೂ ಮೋಡಕ್ಕೂ ನಡುವೆ ಬೆಳಕು ಮತ್ತೆ ಮತ್ತೆ ಪುಟಿಯುವ ಜಾಗದಲ್ಲಿ ಅವನ್ನು ಕಣ್ಣುಮುಚ್ಚಿ ನಂಬಲಾಗದು.

ಆದ್ದರಿಂದ ನನ್ನ ಸಲಹೆ ಸರಳ: ಫಲಕ ಯಾವ ಮುಖಕ್ಕೆ ನಿಲ್ಲುತ್ತದೋ ಅದೇ ಮುಖಕ್ಕೆ ಪೈರನೋಮೀಟರನ್ನು ನಿಲ್ಲಿಸಿ. ಸಮತಲಕ್ಕೆ ಒಂದು, ದಕ್ಷಿಣಕ್ಕೆ ನೆಟ್ಟಗೆ ಒಂದು, ಪೂರ್ವಕ್ಕೊಂದು, ಪಶ್ಚಿಮಕ್ಕೊಂದು, ಮತ್ತು ನೆಲದ ಪ್ರತಿಫಲನಕ್ಕೆ ಕೆಳಮುಖವಾಗಿ ಒಂದು. ಚಲಿಸುವ ಭಾಗ ಒಂದೂ ಇಲ್ಲ. ಇದಿದ್ದರೆ ನೇರ ಕಿರಣವನ್ನು ಬೇರ್ಪಡಿಸುವ ಅಗತ್ಯ ಬಹುಮಟ್ಟಿಗೆ ಬೀಳದು. ಟ್ರ್ಯಾಕರ್ ಹಾಕಿದರೆ ಅದರ ಹಲ್ಲುಚಕ್ರಗಳ ಗ್ರೀಸು ಗಟ್ಟಿಯಾಗುವುದನ್ನು, ಮುಳುಗದ ಸೂರ್ಯನ ಹಿಂದೆ ಸುತ್ತಿ ಸುತ್ತಿ ಕೇಬಲ್ ತಿರುಚಿಕೊಳ್ಳುವುದನ್ನು ನೋಡಿಕೊಳ್ಳುವವರು ಆ ಊರಿನಲ್ಲಿ ಯಾರಿದ್ದಾರೆ?

ಅಂಕಿಯನ್ನು ನಿಮಿಷಕ್ಕೊಮ್ಮೆ ದಾಖಲಿಸಬೇಕೆಂದು ಒತ್ತಾಯಿಸುತ್ತೇನೆ. ಗಂಟೆಯ ಸರಾಸರಿ ಸಾಲದು. ಡೀಸೆಲ್ ಜನರೇಟರನ್ನು ಅದರ ಸಾಮರ್ಥ್ಯದ ಶೇ. 30ಕ್ಕಿಂತ ಕೆಳಗೆ ದೀರ್ಘಕಾಲ ಓಡಿಸಬಾರದು. ಓಡಿಸಿದರೆ ಇಂಧನ ಪೂರ್ತಿ ಉರಿಯದೆ ಎಂಜಿನ್ನಿನಲ್ಲಿ ಮಸಿ ಕಟ್ಟುತ್ತದೆ. ಬಿಸಿಲು ಏರಿದಂತೆ ಜನರೇಟರಿನ ಹೊರೆ ಇಳಿಯುತ್ತದೆ, ಒಂದು ಮೋಡ ಬಂದರೆ ಕೆಲವೇ ಸೆಕೆಂಡುಗಳಲ್ಲಿ ಪೂರ್ತಿ ಹೊರೆ ಮತ್ತೆ ಅದರ ಮೇಲೆ ಬೀಳುತ್ತದೆ. ಎಷ್ಟು ದೊಡ್ಡ ಬ್ಯಾಟರಿ ಬೇಕು, ಜನರೇಟರನ್ನು ಪೂರ್ತಿ ನಿಲ್ಲಿಸಲು ಯಾವಾಗ ಧೈರ್ಯ ಮಾಡಬಹುದು ಎಂಬುದನ್ನೆಲ್ಲ ಹೇಳುವುದು ಆ ಏರಿಳಿತದ ವೇಗವೇ. ಜೊತೆಗೆ ಗಾಳಿಯ ಉಷ್ಣತೆಯನ್ನೂ ದಾಖಲಿಸಿ. ತೆರೆದ ಮಂಡಲದಲ್ಲಿ ಫಲಕದ ವೋಲ್ಟೇಜ್ ಉಷ್ಣತೆ ಒಂದು ಡಿಗ್ರಿ ಇಳಿದಂತೆಲ್ಲ ಸುಮಾರು ಶೇ. 0.27ರಂತೆ ಏರುವುದರಿಂದ, ಪ್ರಯೋಗಾಲಯದ 25 ಡಿಗ್ರಿಗೆ ಹೋಲಿಸಿದರೆ ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಬೆಳಗಿನಲ್ಲಿ ಅದು ಶೇ. 17ಕ್ಕೂ ಹೆಚ್ಚಿರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಇನ್ವರ್ಟರ್ ಸುಡುತ್ತದೆ.

ಕೊನೆಯ ಮಾತು, ನನ್ನ ಮಟ್ಟಿಗೆ ಮುಖ್ಯವಾದದ್ದು. ನಮ್ಮ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಟ್ಟ ತಲೆಮಾರುಗಳ ಪುಸ್ತಕಗಳಿವೆ. ಅವು ಉಳಿದಿರುವುದು ಪ್ರತಿ ಬೆಳಿಗ್ಗೆ ತೋಟದ ರೈಟರೋ ಮನೆಯವರೋ ಮಾಪಕದ ಬಳಿಗೆ ಹೋಗಿ ನೋಡಿದ್ದರಿಂದ, ಮತ್ತು ಗೊಬ್ಬರ ಹಾಕಲು, ಹೂಮಳೆಯ ಲೆಕ್ಕ ನೋಡಲು ಆ ಅಂಕಿ ಅವರಿಗೇ ಬೇಕಾಗಿದ್ದರಿಂದ. ಆರ್ಕ್‌ಟಿಕ್‌ನ ಊರಿನ ಪೈರನೋಮೀಟರೂ ಹಾಗೆಯೇ ಆ ಊರಿನವರದಾಗಬೇಕು. ದಿನಕ್ಕೊಮ್ಮೆ ಗುಮ್ಮಟ ಒರೆಸಿ, ರಸಮಟ್ಟ ನೋಡಿ, ಸಮಯ ಬರೆದಿಡುವ ಒಬ್ಬರಿಗೆ ಸರಿಯಾದ ಸಂಬಳವನ್ನು ಯೋಜನೆಯ ವೆಚ್ಚದಲ್ಲಿ ಮೊದಲ ಸಾಲಿನಲ್ಲಿಯೇ ಸೇರಿಸಿ. ಓಲ್ಡ್ ಕ್ರೋದ ಘಟಕ ಆ ಸಮುದಾಯದ ಕೈಯಲ್ಲಿಯೇ ಇದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಉತ್ತರ: ನಿವೃತ್ತ ಹವಾಮಾನ ಉಪಕರಣ ತಂತ್ರಜ್ಞ, ಚಿಕ್ಕಮಗಳೂರು

ಮೂಡಿಗೆರೆಯ ಮಿತ್ರರ ಮಾತಿನಲ್ಲಿ ಬಹುಪಾಲು ನನಗೆ ಒಪ್ಪಿಗೆ. ಪಾಲಕರ ಸಂಬಳದ ವಿಚಾರದಲ್ಲಂತೂ ಪೂರ್ತಿ ಒಪ್ಪಿಗೆ. ಆದರೆ ನೇರ ಕಿರಣವನ್ನು ಬೇರ್ಪಡಿಸುವ ಅಗತ್ಯವಿಲ್ಲ ಎಂಬುದನ್ನು ಒಪ್ಪಲಾರೆ. ಇಂದು ದಕ್ಷಿಣಕ್ಕೆಂದು ಯೋಚಿಸಿದ ಫಲಕವನ್ನು ನಾಳೆ ಗಾಳಿಯ ಕಾರಣಕ್ಕೆ ಆಗ್ನೇಯಕ್ಕೆ ತಿರುಗಿಸಬೇಕಾಗಿ ಬಂದರೆ, ನಾಲ್ಕು ಮುಖದ ಅಳತೆಗಳಿಂದ ಐದನೆಯದನ್ನು ಪಡೆಯಲು ನೇರ ಮತ್ತು ಚದುರಿದ ಬೆಳಕಿನ ವಿವರ ಬೇಕು. ಉಪಗ್ರಹದ ಅಂಕಿಯನ್ನು ತಿದ್ದುವವರಿಗೂ ಅದೇ ಬೇಕು. ಟ್ರ್ಯಾಕರ್ ಬೇಡ ಎಂಬಲ್ಲಿ ಮಾತ್ರ ಅವರು ಸರಿ. ಗುಮ್ಮಟದೊಳಗೆ ವಿಶೇಷ ಆಕಾರದ ನೆರಳಿನ ಮುಸುಕನ್ನೂ ಅದರ ಕೆಳಗೆ ಏಳು ಥರ್ಮೋಪೈಲ್‌ಗಳನ್ನೂ ಇಟ್ಟ ಒಂದು ಬಗೆಯ ಪೈರನೋಮೀಟರ್ ಇದೆ. ಸೂರ್ಯ ಎಲ್ಲಿಯೇ ಇದ್ದರೂ ಅವುಗಳಲ್ಲಿ ಒಂದಾದರೂ ಪೂರ್ತಿ ಬಿಸಿಲಿನಲ್ಲಿ, ಒಂದಾದರೂ ಪೂರ್ತಿ ನೆರಳಿನಲ್ಲಿ ಇರುವಂತೆ ಆ ಮುಸುಕನ್ನು ರೂಪಿಸಿರುತ್ತಾರೆ. ಆದ್ದರಿಂದ ಚಲಿಸುವ ಭಾಗವಿಲ್ಲದೆ ಒಟ್ಟು ಮತ್ತು ಚದುರಿದ ವಿಕಿರಣ ಎರಡೂ ಸಿಗುತ್ತವೆ. ಎ ದರ್ಜೆಯ ಉಪಕರಣದಷ್ಟು ನಿಖರವಲ್ಲ. ಪಕ್ಕದಲ್ಲೊಂದು ಎ ದರ್ಜೆಯ ಸಮತಲ ಪೈರನೋಮೀಟರ್ ಇಟ್ಟು ಅದಕ್ಕೆ ಹೊಂದಿಸಿಕೊಂಡರೆ ಒಂದು ಊರಿನ ಅಗತ್ಯಕ್ಕೆ ಧಾರಾಳ ಸಾಕು.

ಎರಡು ವರ್ಷಕ್ಕೊಮ್ಮೆ ಮರುಹೊಂದಾಣಿಕೆಗೆ ಕಳಿಸುವುದನ್ನು ಮರೆಯಬೇಡಿ. ಎಲ್ಲ ಪೈರನೋಮೀಟರುಗಳ ಅಳತೆಯ ಮೂಲ ಸ್ವಿಟ್ಜರ್ಲೆಂಡಿನ ದಾವೋಸ್‌ನ ವಿಶ್ವ ವಿಕಿರಣ ಕೇಂದ್ರದಲ್ಲಿರುವ ಪ್ರಮಾಣಕಕ್ಕೆ ತಲುಪಬೇಕು. ದೂರದ ಊರಿನಲ್ಲಿ ಉಪಕರಣ ಕಳಿಸಿದಾಗ ಅಂಕಿ ನಿಂತುಹೋಗದಂತೆ ಎರಡು ಜೊತೆ ಇಟ್ಟು ಅದಲುಬದಲು ಮಾಡುವುದು ರೂಢಿ. ಕಳಿಸಲು ಸರಿಯಾದ ಸಮಯ ಧ್ರುವ ರಾತ್ರಿಯ ಆರಂಭ, ಶೂನ್ಯದ ಅಳತೆ ಕೆಲವು ವಾರ ಸಿಕ್ಕಿದ ಮೇಲೆ.

ಮುಳ್ಳಯ್ಯನಗಿರಿಯ ವಿಚಾರ. 1,930 ಮೀಟರ್ ಎತ್ತರದ ಆ ಬೆಟ್ಟಸಾಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ, ಕಾವಳ, ಎಡೆಬಿಡದ ತೇವ ಮೂರೂ ಸಿಗುತ್ತವೆ. ಗಾಳಿಯೂದುವ ವ್ಯವಸ್ಥೆ ಗುಮ್ಮಟವನ್ನು ಒಣಗಿಸಿಡುತ್ತದೆಯೇ, ಕೇಬಲ್ಲಿನ ಸಂದುಗಳಿಗೆ ನೀರು ಇಳಿಯುತ್ತದೆಯೇ, ಗಾಳಿಗೆ ಕಂಬ ಅಲುಗಿ ಮಟ್ಟ ತಪ್ಪುತ್ತದೆಯೇ ಎಂಬುದನ್ನೆಲ್ಲ ಅಲ್ಲಿ ಪರೀಕ್ಷಿಸಬಹುದು. ಹರಳುಗಟ್ಟುವಿಕೆ ಮತ್ತು ಬ್ಯಾಟರಿಯ ಚಳಿ ಅಲ್ಲಿ ಸಿಗುವುದಿಲ್ಲ. ಶೂನ್ಯ ಡಿಗ್ರಿಗಿಂತ ಕೆಳಗೆ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಅದು ಹಾಳಾಗುತ್ತದೆ. ಆ ಭಾಗದ ಪರೀಕ್ಷೆಗೆ ಶೀತಲ ಕೋಣೆಯೇ ಬೇಕು. ಬೆಟ್ಟದ ಮೇಲೆ ಏನನ್ನಾದರೂ ನಿಲ್ಲಿಸುವ ಮೊದಲು ಅರಣ್ಯ ಇಲಾಖೆಯ ಅನುಮತಿಯನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಇಳಿಬಿಸಿಲಿನ ಪರೀಕ್ಷೆಗೆ ಬೆಟ್ಟವೂ ಬೇಕಿಲ್ಲ. ಪೂರ್ವ ಮತ್ತು ಪಶ್ಚಿಮ ದಿಗಂತ ತೆರೆದಿರುವ ಹಾಸನದ ಯಾವುದೇ ಎತ್ತರದ ಚಾವಣಿಯಲ್ಲಿ, ಜನವರಿ-ಫೆಬ್ರವರಿಯ ತಿಳಿಯಾದ ಬೆಳಿಗ್ಗೆಗಳಲ್ಲಿ, ಸೂರ್ಯೋದಯದಿಂದ ಮೊದಲ ಒಂದು ಗಂಟೆಯ ಅಂಕಿಯನ್ನು ನಿಮಿಷಕ್ಕೊಮ್ಮೆ ದಾಖಲಿಸಿ. ನಿಮ್ಮ ಸಿಲಿಕಾನ್ ಸಂವೇದಕ ಮತ್ತು ಒಂದು ಥರ್ಮೋಪೈಲ್ ಉಪಕರಣವನ್ನು ಪಕ್ಕಪಕ್ಕ ಇಟ್ಟು, ಎರಡರ ಅನುಪಾತವನ್ನು ಸೂರ್ಯನ ಎತ್ತರಕ್ಕೆದುರಾಗಿ ಗ್ರಾಫ್ ಎಳೆಯಿರಿ. 15 ಡಿಗ್ರಿಗಿಂತ ಕೆಳಗಿನ ಭಾಗವನ್ನು ವಿದ್ಯಾರ್ಥಿಗಳು ಇಲ್ಲಿ ಹಂಚಿಕೊಂಡರೆ, ಅದರಲ್ಲಿ ಎಷ್ಟು ಬಣ್ಣದ ದೋಷ, ಎಷ್ಟು ದಿಕ್ಕಿನ ದೋಷ ಎಂದು ಬೇರ್ಪಡಿಸಿ ನೋಡಲು ನಾನು ಸಂತೋಷದಿಂದ ಜೊತೆಗೆ ಕೂರುತ್ತೇನೆ.